ನಿಲ್ಲಿಸಿದವರೇ ಕೂರಿಸಲಿ

“ಗೂಳಿ ಇದ್ದ ಹಾಗೆ ಇದೀಯಲ್ಲಯ್ಯ. ತಲೆ ಕೆಟ್ಟಿದೆ ಅಂತ ಪಿಂಚಣಿ ಕೇಳೋಕೆ ನಾಚಿಕೆ ಆಗಲ್ವಾ?”

ಮಿಲಿಟರಿ ಆಸ್ಪತ್ರೆಯಲ್ಲಿ ಮೇಜಿನಾಚೆ ಕೂತ ದೊಡ್ಡ ಡಾಕ್ಟರು ಹೀಗಂದಾಗ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ ನಮ್ಮ ಯಜಮಾನರು ಎದೆ ಸೆಟೆಸಿ, “ಆಗುತ್ತೆ ಸರ್” ಎಂದರು. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಗುಮಾಸ್ತ ಕಿಸಕ್ಕನೆ ನಕ್ಕ.

ಬೆಳಗ್ಗೆ ಇವರು ಗಡ್ಡ ಹೆರೆದು ಬೂಟು ಉಜ್ಜುವಾಗಲೇ ತಡೆಯಬೇಕಿತ್ತು. ತಡೆಯುವುದಿರಲಿ, ಲಾಂಡ್ರಿಯಲ್ಲಿ ಕಂಡವರ ಬಟ್ಟೆಗೆಲ್ಲ ಇಸ್ತ್ರಿ ಹಾಕುವ ನಾನು ಇವರ ಪ್ಯಾಂಟಿಗೂ ಗರಿಗರಿಯಾಗಿ ಗೆರೆ ಕೂರಿಸಿದ್ದೆ. ಸಾಹೇಬರ ಮುಂದೆ ಸಿಪಾಯಿ ಕೊಳಕಾಗಿ ಹೋಗಬಾರದಂತೆ.

“ನಿದ್ದೆ?”

“ಚೆನ್ನಾಗಿ ಬರುತ್ತೆ ಸರ್.”

“ಕೆಲಸ ಮಾಡ್ತೀಯಾ?”

“ಮಾಡ್ತೀನಿ ಸರ್.”

ಮೇಲಿನವರು ಕೇಳಿದರೆ ಎಲ್ಲ ಚೆನ್ನಾಗಿದೆ ಎನ್ನಬೇಕು. ಗಡಿಯಲ್ಲಿ ಬಾಂಬು ಸಿಡಿದು ಪಕ್ಕದಲ್ಲಿದ್ದ ಗೆಳೆಯ ಚಿಂದಿಯಾದ ದಿನವೂ ಹಾಗೇ ಅಂದಿದ್ದರಂತೆ. ನನಗೆ ತಡೆಯಲಾಗದೆ ಬಾಯಿ ಹಾಕಿದೆ.

“ಸುಳ್ಳು ಸರ್. ರಾತ್ರಿಯೆಲ್ಲ ಮಂಚದ ಕೆಳಗೆ ಮುದುಡ್ಕೊಂಡಿರ್ತಾರೆ. ಪಂಕ್ಚರ್ ಅಂಗಡೀಲಿ ಟೈರು ಸಿಡಿದಾಗ ಮಾಲೀಕನ್ನ ಕಾಪಾಡ್ತೀನಿ ಅಂತ ನೆಲಕ್ಕೆ ಕೆಡವಿ ಮೇಲೆ ಬಿದ್ರು. ಅವನ ಹಲ್ಲು ಹೋಯ್ತು, ಇವರ ಕೆಲಸ ಹೋಯ್ತು. ಗೋಡೌನ್ ಕಾವಲಿಗೆ ಸೇರಿದ್ರೆ, ಹಿಂದಿನಿಂದ ಬಂದು ಮುಟ್ಟಿದ ಲಾರಿ ಡ್ರೈವರ್ ಕುತ್ತಿಗೆ ಹಿಸುಕಿದ್ರು. ಇನ್ಯಾವ ಬೋಳಿಮಗ ಕೆಲಸಕ್ಕೆ ಕರೀತಾನೆ?”

“ನಿನ್ನ ಕೇಳಿದ್ನಾ? ಮುಚ್ಕೊಂಡು ನಿಂತ್ಕೋ.” ಡಾಕ್ಟರು ಗುಮಾಸ್ತನತ್ತ ಕಣ್ಣು ಮಿಟುಕಿಸಿ ಎದ್ದರು. “ಪರೀಕ್ಷೆ ಮಾಡೇ ಬಿಡೋಣ. ಸಾವಧಾನ್!”

ಬೂಟುಗಳು ಟಪ್ಪೆಂದು ಕೂಡಿದವು. ಇವರ ಕಣ್ಣು ಎದುರಿನ ಗೋಡೆಗೆ ನಾಟಿತು.

“ನೋಡಿದ್ಯಾ? ಮಿಷಿನ್ ಇದ್ದಂಗೆ ಇದಾನೆ. ಕೆಲಸಕ್ಕೆ ಯೋಗ್ಯ ಅಂತ ಬರ್ಕೊಳ್ರಿ. ಹೋಗಯ್ಯ, ನಮಗೆ ಊಟದ ಹೊತ್ತಾಯ್ತು.”

ಇವರು ಕದಲಲಿಲ್ಲ. ಒಳಕ್ಕೆ ತೆರೆಯುವ ಬಾಗಿಲು, ಇವರು ಸರಿಯದೆ ಯಾರೂ ಆಚೆ ಹೋಗುವಂತಿಲ್ಲ.

“ವಿಶ್ರಾಮ್ ಅನ್ನಿ ಸರ್,” ಎಂದ ಗುಮಾಸ್ತ. ಡಾಕ್ಟರು ಅಂದರು. ಮತ್ತೊಮ್ಮೆ ಜೋರಾಗಿ ಅಂದರು. ಇವರ ಹಣೆಯಿಂದ ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ಇವರು ಈ ಕೋಣೆಯಲ್ಲಿಲ್ಲ ಎಂದು ನನಗೆ ಗೊತ್ತಾಯಿತು. ನಾನು ಕೂರಿಸಿದ ಗೆರೆಯುದ್ದಕ್ಕೂ ಉಚ್ಚೆ ಇಳಿದು, ಹೊಳೆಯುವ ಬೂಟನ್ನು ದಾಟಿ ನೆಲಕ್ಕೆ ಹರಿಯಿತು.

ಗುಮಾಸ್ತ ತಳ್ಳಲು ಕೈ ಎತ್ತಿದ.

“ಮುಟ್ಟಿ ನೋಡು. ಲಾರಿಯೋನಿಗೆ ಆದದ್ದೇ ನಿನಗೂ ಆಗುತ್ತೆ,” ಎಂದೆ ನಾನು.

ಅವನ ಕೈ ಜೇಬಿಗಿಳಿಯಿತು. ಡಾಕ್ಟರ ದನಿಯೂ ಮೆತ್ತಗಾಯಿತು. “ಮನೇಲಿ ಹೀಗಾದಾಗ ಏನ್ ಮಾಡ್ತೀಯಮ್ಮ? ಅದನ್ನೇ ಮಾಡು ತಾಯಿ.”

ಏನು ಮಾಡಬೇಕೆಂದು ನನಗೆ ಗೊತ್ತು. ಎದುರಿಗೆ ನಿಂತು ಮಗಳ ಹೆಸರನ್ನು ಮೆಲ್ಲಗೆ ಹೇಳುತ್ತಲೇ ಇರಬೇಕು. ಹೆಸರು ನಾಲಿಗೆಯ ತುದಿಗೆ ಬಂತು. ಆದರೂ ತುಟಿ ಕಚ್ಚಿ ಹಿಡಿದೆ. ಮೇಜು ಸುತ್ತಿ ಹೋಗಿ ದೊಡ್ಡ ಡಾಕ್ಟರ ಕುರ್ಚಿಯಲ್ಲಿ ಕೂತೆ.

“ಯೋಗ್ಯ ಅಂತ ಬರೆಸಿದೀರಲ್ಲ. ನಿಲ್ಲಿಸಿದೋರು ನೀವು, ನೀವೇ ಕೂರಿಸಿ.”

ಡಾಕ್ಟರು ನೆಲದ ಒದ್ದೆ ತಮ್ಮ ಬೂಟಿಗೆ ತಾಗದಂತೆ ಗೋಡೆಗೆ ಅಂಟಿಕೊಂಡು ನಿಂತರು.