ಎಡಗಡೆ ಸೀಟು

ಊರಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧ ಜನ ಅಣ್ಣನ ಹತ್ತಿರ ಬೈಸಿಕೊಂಡೇ ಕಲಿತವರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರು ಬಲಗಡೆ, ಕಲಿಸುವ ಅಣ್ಣ ಎಡಗಡೆ. ಅವನ ಕಾಲ ಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು. ಬ್ರೇಕ್ ಒತ್ತು ಅಂದರೆ ಆಕ್ಸಿಲರೇಟರ್ ಒತ್ತುವ ಮಹಾನುಭಾವರು, ತಿರುವು ಬಂದರೆ ಕಣ್ಣು ಮುಚ್ಚಿಕೊಳ್ಳುವ ಪುಣ್ಯಾತ್ಮರು, ಇಂಥವರ ಪಕ್ಕದಲ್ಲಿ ಜೀವ ಅಂಗೈಯಲ್ಲಿ ಹಿಡಿದುಕೊಂಡು ಕೂತೂ ಕೂತೂ ಅವನ ತಲೆ ನರೆತಿತ್ತು. ಅಭ್ಯಾಸ ಎಂಥದು ಅಂತೀರಿ! ಬಸ್ಸಿನಲ್ಲಿ ಹೋಗುವಾಗಲೂ ತಿರುವು ಬಂತೆಂದರೆ ಅವನ ಬಲಗಾಲು ನೆಲ ಒತ್ತುತ್ತಿತ್ತು. "ಸ್ವಲ್ಪ ಕೆಲಸ ಆ ಡ್ರೈವರಿಗೂ ಬಿಡಿ" ಎಂದು ಅತ್ತಿಗೆ ನಗುತ್ತಿದ್ದಳು.

ಹೀಗೆ ಆಯುಷ್ಯವೆಲ್ಲ ಎಡಗಡೆ ಕಳೆದ ಮನುಷ್ಯ ಬಲಗಡೆ ಕೂರುತ್ತಿದ್ದದ್ದು ಒಂದೇ ಒಂದು ಕಾರಿನಲ್ಲಿ. ಅದರ ಹೆಸರು ಸಿಡುಕಿ. ಹೆಸರಿಟ್ಟವನು ಅವನೇ. ಇಬ್ಬರೇ ಕೂರಬಹುದಾದ, ನೆಲಕ್ಕೆ ಅಂಟಿಕೊಂಡಂಥ ಹಳೇ ಸ್ಪೋರ್ಟ್ಸ್ ಕಾರು. ಮೂತಿ ಉದ್ದ, ಬೆನ್ನು ಗಿಡ್ಡ, ತಲೆಯ ಮೇಲೆ ಬಟ್ಟೆಯ ಮುಸುಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕೆಮ್ಮಿ, ಸೀನಿ, ಸೈಲೆನ್ಸರಿನಿಂದ ಢಂ ಎಂದು ಒಂದು ಬೈಗುಳ ಬಿಟ್ಟ ಮೇಲೇ ಹೊರಡುತ್ತಿದ್ದದ್ದು. ರಜೆಯ ದಿನ ಅದನ್ನು ಹೊರಗೆ ತೆಗೆದರೆ ಅಣ್ಣ ಬೇರೆಯೇ ಮನುಷ್ಯ. ಯಾರನ್ನೂ ಬೈಯುತ್ತಿರಲಿಲ್ಲ, ಯಾರಿಗೂ ಹೆದರುತ್ತಿರಲಿಲ್ಲ, ಒಂದು ಕೈ ಸ್ಟಿಯರಿಂಗಿನ ಮೇಲೆ, ಇನ್ನೊಂದು ಗೇರಿನ ಮೇಲೆ ಇಟ್ಟು ಸುಮ್ಮನೆ ನಗುತ್ತ ಹೋಗುತ್ತಿದ್ದ.

ಅದರ ಕೀಲಿಕೈ ಯಾರಿಗೂ ಕೊಡುತ್ತಿರಲಿಲ್ಲ. ಅದನ್ನು ಬಿಚ್ಚಿ, ಜೋಡಿಸಿ, ಅಷ್ಟು ವರ್ಷ ಉಸಿರು ಉಳಿಸಿದವನು ಗ್ಯಾರೇಜು ನಡೆಸುತ್ತಿದ್ದ ಅವನ ತಮ್ಮ. ಆ ತಮ್ಮನಿಗೂ ಇಲ್ಲ. "ನೀನು ಬಿಚ್ಚು, ನಾನು ಓಡಿಸ್ತೀನಿ. ಹಂಚಿಕೊಂಡಾಯ್ತಲ್ಲ?" ಎಂದು ಅಣ್ಣ ಕೀಲಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ತಮ್ಮನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಅಣ್ಣನ ಎಡಗಡೆ ಕೂತು ಹೋಗುವುದೇ ಅವನಿಗೆ ಹಬ್ಬ.

ಮೊದಲು ಕೈಕೊಟ್ಟದ್ದು ಅಣ್ಣನ ಎಡಗಾಲು. ಚಪ್ಪಲಿ ಜಾರಿ ಬೀಳತೊಡಗಿತು, ಆಮೇಲೆ ಪಾದವೇ ಜೋತುಬಿತ್ತು. ಕಲಿಯುವವರಿಗೆ ದಿನವಿಡೀ "ಕ್ಲಚ್ ಒತ್ತಿ, ಕ್ಲಚ್ ಒತ್ತಿ" ಎಂದು ಅರಚುತ್ತಿದ್ದವನಿಗೇ ಕ್ಲಚ್ ಒತ್ತಲು ಆಗದೆ ಹೋಯಿತು. ನರಗಳ ಕಾಯಿಲೆ, ಒಂದೊಂದಾಗಿ ಸೊರಗುತ್ತವೆ, ಮದ್ದಿಲ್ಲ ಎಂದರು ಡಾಕ್ಟರು. ಮುಂದೆ ಯಾವುದು ಎಂದು ಕೇಳಿದರೆ, ಹೇಳಲಾಗುವುದಿಲ್ಲ ಎಂದು ಕೈ ಚೆಲ್ಲಿದರು. ಅದೇ ಸಮಯಕ್ಕೆ ಸಿಡುಕಿಯ ಎಂಜಿನ್ನೂ ಬಿರುಕು ಬಿಟ್ಟು ಕೂತಿತು. ಅಣ್ಣ ಅದಕ್ಕೂ ನಕ್ಕ. "ನೋಡೋ, ನಮ್ಮಿಬ್ಬರಿಗೂ ಪಾರ್ಟ್ಸ್ ಬರೋದು ನಿಂತುಹೋಗಿದೆ."

ತಮ್ಮನಿಗೆ ನಗು ಬರಲಿಲ್ಲ. ರಾತ್ರಿಯೆಲ್ಲ ಹೊರಳಾಡಿದ ಮೇಲೆ ಒಂದು ದಾರಿ ಹೊಳೆಯಿತು. ಹಿಂದಿನಿಂದ ಗುದ್ದಿಸಿಕೊಂಡು ನಜ್ಜುಗುಜ್ಜಾದ ಹೊಸ ಕಾರೊಂದು ಗುಜರಿಯಲ್ಲಿತ್ತು. ಅದರ ಮುಂಭಾಗಕ್ಕೆ ಏನೂ ಆಗಿರಲಿಲ್ಲ. ಗೇರು ತಾನೇ ಬದಲಿಸಿಕೊಳ್ಳುವ ಆಟೋಮ್ಯಾಟಿಕ್ ಕಾರು, ಕ್ಲಚ್ಚೇ ಇಲ್ಲ. ಅದರ ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಎತ್ತಿ ಸಿಡುಕಿಯ ಹೊಟ್ಟೆಗೆ ಇಟ್ಟರೆ? ಅಣ್ಣನಿಗೆ ಎಡಗಾಲಿನ ಹಂಗೇ ಬೇಡ. ಬಲಗಾಲೊಂದಿದ್ದರೆ ಸಾಕು. ಬಲಗಾಲು ಮಾತು ಕೇಳುತ್ತಿರುವಾಗಲೇ ಮುಗಿಸಿಬಿಟ್ಟರೆ ಅಣ್ಣ ಮತ್ತೆ ತನ್ನ ಜಾಗದಲ್ಲಿ ಕೂತು ಓಡಿಸುತ್ತಾನೆ. ಡಾಕ್ಟರ ಕೈಯಲ್ಲಾಗದ್ದು ತನ್ನ ಕೈಯಲ್ಲಾದರೂ ಆಗಲಿ ಎಂಬ ಹಟ ಅವನ ತಲೆಗೆ ಹತ್ತಿತು.

"ಮಾಡ್ತೀಯೇನೋ?" ಎಂದು ಕೇಳಿದ ಅಣ್ಣನ ಕಣ್ಣು ಅರಳಿತ್ತು. "ಬೇಗ ಮಾಡೋ ಹಾಗಿದ್ರೆ."

ಮಾಡುವುದು ಹೇಳಿದಷ್ಟು ಸುಲಭವೇ? ಹಳೇ ಎಂಜಿನ್ನು ಚೈನಿಗೆ ಜೋತು ಹೊರಗೆ ಬಂದ ದಿನವೇ ತಾಪತ್ರಯ ಶುರುವಾಯಿತು. ಹೊಸದು ಒಳಗೆ ಕೂರಲೊಲ್ಲದು. ಅದರ ಎಣ್ಣೆ ತುಂಬುವ ತಳದ ತಟ್ಟೆ ಸಿಡುಕಿಯ ಅಡ್ಡಪಟ್ಟಿಗೆ ಬಡಿಯಿತು. ತಟ್ಟೆ ಕತ್ತರಿಸಿ ಬೇರೆ ಆಕಾರಕ್ಕೆ ವೆಲ್ಡಿಂಗ್ ಮಾಡಿದ, ಅದು ಸೋರಿತು. ಮತ್ತೆ ಮಾಡಿದ. ಆಮೇಲೆ ಬಾನೆಟ್ಟು ಜಪ್ಪಯ್ಯ ಅಂದರೂ ಮುಚ್ಚಲಿಲ್ಲ. ಎಂಜಿನ್ ತಗ್ಗಿಸಲು ಅದನ್ನು ಹೊತ್ತು ಕೂರಿಸುವ ಕಬ್ಬಿಣಗಳನ್ನೆಲ್ಲ ಹೊಸದಾಗಿ ಮಾಡಬೇಕಾಯಿತು. ಇನ್ನು ವೈರುಗಳೋ, ಹೆಣೆದ ಜಡೆಯನ್ನು ಬೆಕ್ಕು ಎಳೆದಾಡಿದ ಹಾಗೆ. ಹೊಸ ಎಂಜಿನ್ನಿಗೆ ತಲೆ ಇದ್ದದ್ದು ಒಂದು ಪುಟ್ಟ ಕಂಪ್ಯೂಟರ್ ಡಬ್ಬಿಯಲ್ಲಿ. ಬಾಗಿಲು ಎಲ್ಲಿ, ಕೀಲಿ ಎಲ್ಲಿ, ತನ್ನ ಹಳೇ ಮೈ ಎಲ್ಲಿ ಎಂದು ಆ ಡಬ್ಬಿ ಕೇಳುತ್ತಲೇ ಇತ್ತು, ಸ್ಟಾರ್ಟ್ ಆಗುತ್ತಿರಲಿಲ್ಲ. ವೈರಿಂಗಿನವನನ್ನು ಕರೆಸಿ ಅದನ್ನು ಏಮಾರಿಸುವಷ್ಟರಲ್ಲಿ ಸೆಕೆಗಾಲ ಕಳೆದೇಹೋಯಿತು.

ಕೊನೆಗೆ ಉಳಿದದ್ದು ಗೇರ್‌ಬಾಕ್ಸು. ಎರಡು ಸೀಟುಗಳ ನಡುವೆ ಉದ್ದಕ್ಕೂ ತಗಡಿನ ಒಂದು ಉಬ್ಬು ಇರುತ್ತದಲ್ಲ, ಅದರ ಕೆಳಗೆ ಅದು ಕೂರಬೇಕು. ಹಳೇ ಗೇರ್‌ಬಾಕ್ಸು ಸಣಕಲು, ಇದು ದಢೂತಿ. ತಮ್ಮ ಎದೆ ಗಟ್ಟಿ ಮಾಡಿಕೊಂಡು ಉಬ್ಬನ್ನೇ ಕತ್ತರಿಸಿ, ಎರಡೂ ಕಡೆ ಅಗಲ ಮಾಡಿ, ಹೊಸ ತಗಡು ಬೆಸೆದ. ಕಾಲಿಡುವ ಜಾಗ ಸ್ವಲ್ಪ ಕಿರಿದಾಯಿತು. ಸಾಕಾಗುತ್ತದೆಯೇ ಎಂದು ತಾನೇ ಡ್ರೈವರ್ ಸೀಟಿನಲ್ಲಿ ಕೂತು ನೋಡಿದ. ಎಡಗಾಲನ್ನು ಮಡಚಿ ಹಿಂದಕ್ಕೆ ಎಳೆದುಕೊಂಡರೆ ಆರಾಮವಾಗಿ ಕೂರುತ್ತಿತ್ತು.

ಅಣ್ಣನನ್ನೇ ಕೂರಿಸಿ ನೋಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಆ ಮನೆಯಲ್ಲಿ ಆ ಪದ್ಧತಿಯೇ ಇರಲಿಲ್ಲ. ಅಣ್ಣ ತಮ್ಮಂದಿರದು ಚಿಕ್ಕಂದಿನಿಂದ ಒಂದೇ ಅಳತೆ. ಅಮ್ಮ ದರ್ಜಿಯ ಹತ್ತಿರ ಕೈಗೆ ಸಿಕ್ಕಿದ ಒಬ್ಬನನ್ನು ನಿಲ್ಲಿಸಿ ಇಬ್ಬರಿಗೂ ಹೊಲಿಸುತ್ತಿದ್ದಳು. ಬೂಟು, ಪ್ಯಾಂಟು, ಮದುವೆಯ ಕೋಟು ಕೂಡ ಹಾಗೆಯೇ ಆದದ್ದು. ಸಿಡುಕಿಯ ಸೀಟು, ಕನ್ನಡಿ, ಪೆಡಲ್ಲು ಎಲ್ಲವನ್ನೂ ತಮ್ಮ ತನ್ನ ಮೈಗೆ ಹೊಂದಿಸಿ ಕೊಡುತ್ತಿದ್ದ, ಅಣ್ಣ ಕೂತರೆ ಕೂದಲೆಳೆಯಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ. ಈ ಸಲವೂ ಅಷ್ಟೇ ಅಂದುಕೊಂಡ.

ಅಣ್ಣ ಬರುತ್ತಿರಲಿಲ್ಲ ಅಂತಲ್ಲ. ಆಗಾಗ ಗ್ಯಾರೇಜಿಗೆ ಬಂದು ಹಳೇ ಟೈರುಗಳ ಮೇಲೆ ಕೂರುತ್ತಿದ್ದ. ಈ ನಡುವೆ ಅವನ ಎಡಗಾಲಿಗೆ ಮೊಣಕಾಲಿನ ಮೇಲಿನವರೆಗೂ ಬರುವ ಕಬ್ಬಿಣದ ಪಟ್ಟಿ ಬಂದಿತ್ತು. ಸಿಮೆಂಟು ನೆಲದ ಮೇಲೆ ಅದರ ಟಕ್ ಟಕ್ ಕೇಳಿಸಿದರೆ ಸಾಕು, ತಮ್ಮ ತಲೆಯನ್ನು ಇನ್ನಷ್ಟು ಬಾನೆಟ್ಟಿನೊಳಗೆ ತೂರಿಸುತ್ತಿದ್ದ. ಸ್ಪ್ಯಾನರ್ ಹಿಡಿದ ಕೈಗೆ ಕೆಲಸ ಇಲ್ಲದಿದ್ದರೂ ಸುಮ್ಮನೆ ಒಂದು ನಟ್ಟು ತಿರುಗಿಸುತ್ತಿದ್ದ. ಅಣ್ಣನ ಮುಖ ನೋಡಿ ಮಾತಾಡುತ್ತಿದ್ದ, ತಮಾಷೆ ಮಾಡುತ್ತಿದ್ದ, ಕಣ್ಣು ಮಾತ್ರ ಸೊಂಟದಿಂದ ಕೆಳಗೆ ಇಳಿಯುತ್ತಿರಲಿಲ್ಲ. ನೋಡಿದರೆ ಅಳು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು.

ಮೊದಮೊದಲು ಅಣ್ಣ "ಎಲ್ಲಿಗೆ ಬಂತೋ, ಬೇಗ ಮಾಡೋ" ಎಂದು ಪ್ರಾಣ ತಿನ್ನುತ್ತಿದ್ದ. ಬರಬರುತ್ತ ಅದು ನಿಂತುಹೋಯಿತು. "ಅವಸರ ಏನಿಲ್ಲ ಬಿಡು, ನಿಧಾನಕ್ಕೆ ಮಾಡು" ಎನ್ನತೊಡಗಿದ. ತಮ್ಮನಿಗೆ ಅದೊಂದು ಸಮಾಧಾನವೇ ಆಯಿತು. ಅರೆಬರೆ ಕೆಲಸ ಕೊಟ್ಟು ಅವನಿಗೆ ರೂಢಿಯಿಲ್ಲ. ಬಣ್ಣಕ್ಕೆ ಇನ್ನೊಂದು ಕೈ ಬಳಿದ, ಸೀಟಿಗೆ ಹೊಸ ಚರ್ಮ ಹಾಕಿಸಿದ, ಸ್ಟಿಯರಿಂಗ್ ಮಾತ್ರ ಅಣ್ಣನ ಕೈ ಉಜ್ಜಿ ನುಣುಪಾದ ಹಳೆಯದನ್ನೇ ಉಳಿಸಿದ.

ಕಾರು ಹೊರಗೆ ಬಂದ ದಿನ ಬೆಳಿಗ್ಗೆ ಅಣ್ಣನೂ ಅತ್ತಿಗೆಯೂ ಬಂದರು. ಅಣ್ಣ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ತಮ್ಮ ಸ್ಟಾರ್ಟ್ ಮಾಡಿ ತೋರಿಸಿದ. ಕೆಮ್ಮಲಿಲ್ಲ, ಸೀನಲಿಲ್ಲ, ಢಂ ಎನ್ನಲಿಲ್ಲ. ಆಮೇಲೆ ಆರಿಸಿ ಕೀಲಿಕೈಯನ್ನು ಅಣ್ಣನ ಶರ್ಟಿನ ಜೇಬಿಗೆ ಹಾಕಿದ.

"ಅಯ್ಯೋ, ನಮ್ಮ ಸಿಡುಕಿ ಸಾಧು ಆಗಿಬಿಟ್ಟಳಲ್ಲೇ!" ಎಂದು ಅಣ್ಣ ಅತ್ತಿಗೆಯತ್ತ ತಿರುಗಿದ. "ನಿನಗೂ ಇಂಥದ್ದೊಂದು ಎಂಜಿನ್ ಹಾಕ್ಸೋಣವಾ?"

"ಮೊದಲು ಹತ್ತಿ, ಆಮೇಲೆ ಮಾತಾಡಿ" ಎಂದಳು ಅತ್ತಿಗೆ. ಅವಳೂ ನಗುತ್ತಿದ್ದಳು.

ಅಣ್ಣ ಬಲಗಡೆಯ ಬಾಗಿಲು ತೆಗೆದು, ಬೆನ್ನು ಹಾಕಿ ಮೆಲ್ಲಗೆ ಸೀಟಿಗೆ ಇಳಿದ. ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಒಳಗೆ ಇಟ್ಟ, ಬಲಗಾಲನ್ನೂ ಎತ್ತಿ ಇಟ್ಟ. ಕಾರು ತಗ್ಗು, ಯಾರಿಗಾದರೂ ಹಾಗೇ ಎಂದುಕೊಂಡ ತಮ್ಮ. ಆಮೇಲೆ ಪಟ್ಟಿ ಕಟ್ಟಿದ ಎಡಗಾಲು ಹೋಗಬೇಕಾದ ಕಡೆ ಹೋಗಲಿಲ್ಲ. ಅದು ಮಡಚುವ ಕಾಲಲ್ಲ. ಎಡಕ್ಕೆ ಸರಿಸಿದರೆ ತಮ್ಮನೇ ಬೆಸೆದ ತಗಡಿನ ಉಬ್ಬಿಗೆ ಕಬ್ಬಿಣ ಟಣ್ ಎಂದು ಬಡಿಯಿತು. ಹಿಂದಕ್ಕೆ ಬಾಗದು, ಮುಂದಕ್ಕೆ ಚಾಚಿದರೆ ಪಾದ ನೇರವಾಗಿ ಬ್ರೇಕ್ ಪೆಡಲಿನ ಮೇಲೆ ಹೋಗಿ ಅಡ್ಡ ಬಿದ್ದಿತು.

"ಸೀಟು ಹಿಂದೆ ತಳ್ಳಣ್ಣ" ಎಂದ ತಮ್ಮ. ತಳ್ಳಿದರೂ ಅಷ್ಟೇ. ಪಟ್ಟಿ ಬಿಚ್ಚಿ ನೋಡಿದರು. ಬಿಚ್ಚಿದ ಕಾಲು ಒಣಗಿ ಕೋಲಿನ ಹಾಗಾಗಿತ್ತು. ಪಾದ ತಾನಾಗಿಯೇ ಜಾರಿ ಮತ್ತೆ ಬ್ರೇಕಿನ ಕೆಳಗೇ ಸೇರಿಕೊಂಡಿತು. ಎತ್ತಿ ಈಚೆ ಇಟ್ಟರೆ ಮತ್ತೆ ಜಾರಿತು. ಆ ಕಾಲು ಅಲ್ಲಿರುವಾಗ ಬ್ರೇಕ್ ಒತ್ತುವುದು ಯಾರಿಂದಲೂ ಆಗುವ ಮಾತಲ್ಲ. ತಮ್ಮ ನೆಲದ ಮೇಲೆ ಮಂಡಿಯೂರಿ ಆ ಕಾಲನ್ನೂ ಆ ಉಬ್ಬನ್ನೂ ಮತ್ತೆ ಮತ್ತೆ ನೋಡಿದ. ಕೈಗೆ ಸಿಕ್ಕ ಕಬ್ಬಿಣವನ್ನೆಲ್ಲ ಬಗ್ಗಿಸಿದವನಿಗೆ ಈಗ ಏನು ಮಾಡಬೇಕೋ ತೋಚಲಿಲ್ಲ. ಆ ಗೇರ್‌ಬಾಕ್ಸು ಅಲ್ಲಿರುವವರೆಗೂ ಆ ಉಬ್ಬು ಕರಗುವುದಿಲ್ಲ. ಹಳೆಯದನ್ನು ಕೂರಿಸೋಣವೆಂದರೆ ಹಳೇ ತಗಡು ಕತ್ತರಿಸಿ ಎಸೆದಾಗಿದೆ.

"ನನಗೆ ಸರಿಯಾಗಿ ಕೂತಿತ್ತಲ್ಲ ಅತ್ತಿಗೆ" ಎಂದ. ಧ್ವನಿ ಮಕ್ಕಳ ಧ್ವನಿಯ ಹಾಗೆ ಕೇಳಿಸಿತು. "ನಾನೇ ಕೂತು ನೋಡಿದ್ದೆ."

ಅತ್ತಿಗೆಯ ನಗು ಆಗಲೇ ಆರಿಹೋಗಿತ್ತು. "ಅದರ ಒಂದೊಂದು ನಟ್ಟನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ಯಲ್ಲೋ. ಇವರ ಕಾಲನ್ನ ಒಂದೇ ಒಂದು ಸಲ ನೋಡ್ಲಿಲ್ವಾ?"

ಅವಳು ಬೈಯಬೇಕೆಂದು ಅಂದದ್ದಲ್ಲ. ಬೈದಿದ್ದರೆ ತಮ್ಮನಿಗೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ಅವನು ಮಂಡಿಯೂರಿದಲ್ಲೇ ತಲೆ ತಗ್ಗಿಸಿದ.

"ಸಾಕು ಬಿಡೇ. ಅವನಾದ್ರೂ ಏನು ಮಾಡ್ತಾನೆ" ಎಂದ ಅಣ್ಣ. ಅತ್ತಿಗೆ ಪಟ್ಟಿ ಮತ್ತೆ ಕಟ್ಟಿದಳು. ಅಣ್ಣ ಅವಳ ಹೆಗಲು ಹಿಡಿದು ಎದ್ದು, ಬಾನೆಟ್ಟಿಗೆ ಕೈ ಊರಿಕೊಂಡು, ಸುತ್ತು ಹಾಕಿ ಆಚೆ ಬದಿಗೆ ಹೋದ. ಎಡಗಡೆಯ ಬಾಗಿಲು ತೆಗೆದು ಕೂತ. ಅಲ್ಲಿ ಪೆಡಲ್ಲುಗಳಿಲ್ಲ, ಕಾಲು ಚಾಚಲು ಬೇಕಾದಷ್ಟು ಜಾಗ. ಶರ್ಟಿನ ಜೇಬಿನಿಂದ ಕೀಲಿಕೈ ತೆಗೆದು ಕಿಟಕಿಯಿಂದ ಚಾಚಿದ.

"ತಗೋ. ನೀನೇ ಓಡ್ಸು."

"ಬೇಡಣ್ಣ."

"ಹಿಡ್ಕೊಳೋ. ಎಡಗಡೆ ಕೂರೋದು ನನಗೇನು ಹೊಸದಾ?"

ತಮ್ಮ ಕೂತ. ಅವನ ಅಳತೆಗೇ ಮಾಡಿದ ಸೀಟು, ಮೈಗೆ ಹೊಂದಿಕೊಂಡಿತು. ಕಾರು ಸದ್ದಿಲ್ಲದೆ ಬೀದಿಗೆ ಇಳಿಯಿತು. ಪೆಟ್ರೋಲ್ ಬಂಕು, ಶಾಲೆಯ ಕಾಂಪೌಂಡು ಹಿಂದೆ ಸರಿದವು. ಬಾಗಿಲಲ್ಲಿ ನಿಂತಿದ್ದ ಯಾರೋ ಕೈ ಬೀಸಿದರು, ಅಣ್ಣ ತಿರುಗಿ ಬೀಸಿದ.

ತಮ್ಮನ ಬಾಯಿಗೆ ಮಾತು ಬಂದದ್ದು ಆಗ. ಬಂದದ್ದೇ ತಡ, ನಿಲ್ಲಲಿಲ್ಲ. "ಅಣ್ಣ, ಇದನ್ನೆಲ್ಲ ಮತ್ತೆ ಬಿಚ್ತೀನಿ. ಎಂಜಿನ್ನು ಇನ್ನೂ ಸ್ವಲ್ಪ ಎಡಕ್ಕೆ ಕೂರಿಸಬಹುದು. ಉಬ್ಬೂ ಆ ಕಡೆ ಸರಿಯುತ್ತೆ. ನಿನ್ನ ಪಟ್ಟಿ ಇಟ್ಕೊಂಡೇ ಅಳತೆ ತಗೋತೀನಿ ಈ ಸಲ. ಬಲಗಾಲೊಂದು ಇದೆಯಲ್ಲ ನಿನಗೆ, ಅಷ್ಟು ಸಾಕು. ಬಣ್ಣ ಗಿಣ್ಣ ಏನೂ ಬೇಡ, ಬೇಗ ಮುಗಿಸ್ತೀನಿ, ನೋಡ್ತಿರು. ಆಯ್ತಾ?"

ಅಣ್ಣ ಸೀಟಿನ ಹೊಸ ಚರ್ಮವನ್ನು ಅಂಗೈಯಿಂದ ಸವರಿದ.

ಕೆರೆಯ ಹತ್ತಿರದ ತಿರುವು ಬಂತು. ಎಂದಿನ ಅಭ್ಯಾಸ, ಅಣ್ಣನ ಮೈ ಸೆಟೆಯಿತು, ಬ್ರೇಕ್ ಹುಡುಕುವವನಂತೆ ಬಲತೊಡೆ ಬಿಗಿಯಿತು. ತಮ್ಮ ಇಷ್ಟು ದಿನ ನೋಡದೆ ತಪ್ಪಿಸಿಕೊಂಡ ಕಡೆಗೆ ಈಗ ತಾನಾಗಿಯೇ ಕಣ್ಣು ಇಳಿಸಿದ. ತೊಡೆ ನಡುಗುತ್ತಿತ್ತು, ಮೊಣಕಾಲು ನಡುಗುತ್ತಿತ್ತು. ಕೆಳಗೆ ಬಲಗಾಲಿನ ಬೂಟು ಇಟ್ಟಲ್ಲೇ ಇತ್ತು, ಒಂದಿಷ್ಟೂ ಅಲುಗಲಿಲ್ಲ. ಅಣ್ಣ ಇನ್ನೊಮ್ಮೆ ಪ್ರಯತ್ನಪಟ್ಟ. ಬೂಟು ಅಲ್ಲೇ ಇತ್ತು.

ಅವಸರ ಏನಿಲ್ಲ ಎಂದು ಅಣ್ಣ ಯಾವಾಗಿನಿಂದ ಹೇಳತೊಡಗಿದ್ದು ಎಂದು ತಮ್ಮ ನೆನಪು ಮಾಡಿಕೊಳ್ಳಲು ನೋಡಿದ. ಸೀಟಿಗೆ ಚರ್ಮ ಹಾಕಿಸುವುದಕ್ಕೂ ಮುಂಚೆ. ಬಣ್ಣಕ್ಕೂ ಮುಂಚೆ.

"ಅಣ್ಣ, ಇದೂ..." ಎಂದ.

ಅಣ್ಣ ಬಗ್ಗಿ ಎರಡೂ ಕೈಯಿಂದ ಬಲಗಾಲನ್ನು ಹಿಡಿದು ನೇರ ಮಾಡಿಕೊಂಡ. ಆಮೇಲೆ ಕೈ ಚಾಚಿ ತಮ್ಮನ ಗಲ್ಲ ಹಿಡಿದು ಮುಂದಕ್ಕೆ ತಿರುಗಿಸಿದ. ಅಷ್ಟು ವರ್ಷ ಸಾವಿರ ಜನಕ್ಕೆ ಹೇಳಿದ ಮಾತನ್ನೇ ಹೇಳಿದ, ಈ ಸಲ ಬೈಯದೆ.

"ರಸ್ತೆ ನೋಡೋ."