ಕೊನೆಯ ಸರ್ವರಿನಲ್ಲಿ ಒಬ್ಬರು

ನಿನ್ನ ಕೆಲಸವೇನು ಎಂದು ಯಾರಾದರೂ ಕೇಳಿದರೆ ಬಾಗಿಲು ಕಾಯುವುದು ಎಂದುಬಿಡುತ್ತೇನೆ. ಸುಳ್ಳೇನಲ್ಲ. ವೆಬ್‌ಸೈಟಿಗೆ ಬರುವವರನ್ನೆಲ್ಲ ಒಂದೇ ಸರ್ವರಿಗೆ ನುಗ್ಗಿಸದೆ ಹಲವು ಸರ್ವರುಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ನನ್ನ ಸುಪರ್ದಿಯಲ್ಲಿದೆ. ಮೊದಲು ಅದರ ಒಂದೊಂದು ಬದಲಾವಣೆಯನ್ನೂ ಕೈಯಾರೆ ಮಾಡಬೇಕಿತ್ತು. ಈಗ ಏನೇನಾಗಬೇಕೆಂದು ಫೈಲಿನಲ್ಲಿ ಬರೆದಿಟ್ಟರೆ ಸಾಕು, ಆಟೊಮೇಷನ್ ತಾನೇ ಮಾಡಿ ಮುಗಿಸುತ್ತದೆ. ಬರೆದದ್ದನ್ನಷ್ಟೇ ಮಾಡುತ್ತದೆ, ಮುಖ ನೋಡಿ ಮಣೆ ಹಾಕುವುದಿಲ್ಲ.

ಅಂದು ಮಗುವನ್ನು ದತ್ತು ಪಡೆಯುವವರು ಅರ್ಜಿ ಹಾಕುವ ಸೈಟಿನ ಸರ್ವರುಗಳಿಗೆ ತುರ್ತು ರಿಪೇರಿ ಇತ್ತು. ಅರ್ಜಿಗೆ ಅಂದೇ ಕೊನೆಯ ದಿನ. ಸಂಜೆಯ ನೂಕುನುಗ್ಗಲಿಗೆ ಮೊದಲೇ ಮುಗಿಸಬೇಕೆಂದು ನಮ್ಮ ಮೇಲಧಿಕಾರಿಯ ಹಟ. ಬೆನ್ನ ಹಿಂದೆ ನಾವು ಅವರನ್ನು ಬಿರುಗಾಳಿ ಎನ್ನುತ್ತೇವೆ. ಬಿಸಿ ಕಾಫಿಯನ್ನೂ ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಳ್ಳುವ ಆಸಾಮಿ.

ಫೈಲಿನಲ್ಲಿದ್ದ ಕ್ರಮ ಇಷ್ಟು: ಒಂದು ಸರ್ವರನ್ನು ಪಕ್ಕಕ್ಕೆ ಸರಿಸು, ಅದಕ್ಕೆ ಹೊಸಬರನ್ನು ಕಳಿಸಬೇಡ, ಒಳಗಿರುವವರು ಮುಗಿಸಲೆಂದು ಎರಡು ನಿಮಿಷ ಕಾಯಿ, ಆಮೇಲೆ ನಿಲ್ಲಿಸಿ ರಿಪೇರಿ ಮಾಡು. ಅರ್ಧ ತುಂಬಿದ ಅರ್ಜಿ ಆ ಸರ್ವರಿನಲ್ಲೇ ಇರುತ್ತದೆ. ಅದನ್ನು ನಿಲ್ಲಿಸಿದರೆ ಬರೆದದ್ದೆಲ್ಲ ನೀರುಪಾಲು. ಎರಡು ನಿಮಿಷ ಎಂದು ನಿಗದಿ ಮಾಡಿದವರು ಬಿರುಗಾಳಿಯೇ.

ಬೆಳಿಗ್ಗೆಯೇ ಅಕ್ಕ ಫೋನು ಮಾಡಿದ್ದಳು. ವರ್ಷಗಟ್ಟಲೆ ಆಸ್ಪತ್ರೆ ಸುತ್ತಿ ಸೋತ ಮೇಲೆ ಅವಳೂ ಭಾವನೂ ಈ ಅರ್ಜಿ ಹಾಕಲು ಮನಸ್ಸು ಮಾಡಿದ್ದರು. ಆ ವಾರದಲ್ಲೇ ಎರಡು ಸಲ ಕೂತು, ಅಳು ಬಂದು ಎದ್ದುಬಿಟ್ಟಿದ್ದಳು.

"ಇದೇ ಕೊನೇ ಸಲ ಕಣೇ. ಇವತ್ತು ಆಗ್ಲಿಲ್ಲ ಅಂದ್ರೆ ಇನ್ನು ಆ ಸುದ್ದಿಗೇ ಹೋಗಲ್ಲ. ನಿಮ್ಮ ಸೈಟು ಕೈ ಕೊಡಲ್ಲ ತಾನೇ?"

"ನಾನಿದ್ದೀನಲ್ಲ, ನಿಧಾನವಾಗಿ ತುಂಬು," ಎಂದಿದ್ದೆ.

ಮಧ್ಯಾಹ್ನ ಕೆಲಸ ಶುರುವಾಯಿತು. ಒಂದೊಂದೇ ಸರ್ವರು ಖಾಲಿಯಾಗಿ, ರಿಪೇರಿಯಾಗಿ, ಸಾಲಿಗೆ ಮರಳಿತು. ಕೊನೆಯದರಲ್ಲಿ ಮಾತ್ರ ಒಬ್ಬರು ಉಳಿದರು. ಯಾರೆಂದು ನಮಗೆ ಕಾಣುವುದಿಲ್ಲ, ಬರೀ 'ಒಳಗಿರುವವರು: 1' ಎಂದಷ್ಟೇ ಪರದೆಯ ಮೇಲೆ ಬರುತ್ತದೆ. ಎರಡು ನಿಮಿಷ ತುಂಬುವ ಮೊದಲೇ ಆಟೊಮೇಷನ್ನನ್ನು ತಡೆದು ನಿಲ್ಲಿಸಿದೆ.

"ಯಾಕೆ ನಿಲ್ಲಿಸಿದ್ರಿ?" ಬಿರುಗಾಳಿ ಕುರ್ಚಿ ಎಳೆದುಕೊಂಡು ಬಂದರು.

"ಒಬ್ರು ಇದಾರೆ ಸರ್. ನಮ್ಮಕ್ಕ ಇರಬಹುದು."

ಅಕ್ಕನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಬಿರುಗಾಳಿ ಗಡಿಯಾರ ನೋಡುತ್ತ ಕಾಲು ಅಲ್ಲಾಡಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವಳೇ ಮಾಡಿದಳು.

"ಸ್ನಾನಕ್ಕೆ ಹೋಗಿದ್ದೆ ಕಣೇ. ಅರ್ಜಿ ಆಗ್ಲೇ ಕಳಿಸಾಯ್ತು! ನಿಮ್ಮ ಭಾವ ಸಿಹಿ ತರ್ತೀನಿ ಅಂತ ಹೋಗಿದಾರೆ."

ಹೋದ ಜೀವ ಬಂದಂತಾಯಿತು. ಕಣ್ಣೀರೂ ಬಂತು, ಮುಚ್ಚಿಡುವುದೇಕೆ. ಅಷ್ಟರಲ್ಲಿ ಅವಳೇ ಮುಂದುವರಿಸಿದಳು: "ಉಳಿದಿದ್ದೆಲ್ಲ ಬೇಗ ಆಯ್ತು. ನಿಮಗೆ ಮಗು ಯಾಕೆ ಬೇಕು ಅಂತ ಒಂದು ಕಡೆ ಕೇಳ್ತಾರೆ ನೋಡು, ಅಲ್ಲೇ ಕೂತ್ಬಿಟ್ಟೆ. ಬರೀತೀನಿ, ಅಳಿಸ್ತೀನಿ. ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ."

ಫೋನಿಟ್ಟೆ.

"ಮುಗೀತಲ್ಲ? ಒತ್ತಿ ಮತ್ತೆ," ಎಂದರು ಬಿರುಗಾಳಿ.

ಬೆರಳು ಆಟೊಮೇಷನ್ ಮುಂದುವರಿಸುವ ಗುಂಡಿಯ ಮೇಲೇ ಇತ್ತು. ಪರದೆಯಲ್ಲಿ ಆ ಒಂದು ಹಾಗೇ ಇತ್ತು. ಅಕ್ಕ ಅಲ್ಲ ಎಂದು ಗೊತ್ತಾದ ಕೂಡಲೇ ಒತ್ತಲು ಹೊರಟಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

"ಇಲ್ಲ ಸರ್. ಇವರೂ ಆ ಪ್ರಶ್ನೆ ಹತ್ರಾನೇ ಕೂತಿರಬೇಕು."

"ಯಾವ ಪ್ರಶ್ನೆರೀ? ಎರಡು ಸಾಲು ಬರೆಯೋಕೆ ಎಷ್ಟು ಹೊತ್ತು ಬೇಕು?"

"ನೀವೇ ಬರೀರಿ ನೋಡೋಣ. ಎರಡು ಮಕ್ಕಳ ತಂದೆ ನೀವು, ನಿಮಗೇನು ಕಷ್ಟ!"

ಮಾತು ಖಾರವಾಯಿತೇನೋ. ಆದರೆ ಅವರಿಗೂ ಹುರುಪು ಬಂತು. ಪರೀಕ್ಷೆಗೆಂದೇ ಇಟ್ಟಿದ್ದ ಅರ್ಜಿಯ ನಕಲನ್ನು ಪಕ್ಕದ ಕಂಪ್ಯೂಟರಿನಲ್ಲಿ ತೆರೆದು, ಅಂಗಿಯ ತೋಳು ಮೇಲೇರಿಸಿ, 'ನಿಮಗೆ ಮಗು ಯಾಕೆ ಬೇಕು?' ಎಂಬಲ್ಲಿಗೆ ನೇರ ಹೋದರು. ಟಪಟಪನೆ 'ಯಾಕೆಂದರೆ' ಎಂದು ಬರೆದರು. ನಿಂತರು. ಏನೋ ಬರೆದು ಅಳಿಸಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಮತ್ತೆ ಬರೆದು ಮತ್ತೆ ಅಳಿಸಿದರು. ಅಲ್ಲಾಡುತ್ತಿದ್ದ ಕಾಲು ಯಾವಾಗಲೋ ನಿಂತಿತ್ತು.

ನಾನು ಕಾಯುವ ಹೊತ್ತನ್ನು ಎರಡು ನಿಮಿಷದಿಂದ ಎರಡು ಗಂಟೆಗೆ ಏರಿಸಿ ಫೈಲು ಉಳಿಸಿದೆ. ಕಿಟಕಿಯಾಚೆ ಯಾರೋ ಬೈಕು ನಿಲ್ಲಿಸಲು ಜಾಗ ಹುಡುಕುತ್ತಿದ್ದರು. ನೋಡನೋಡುತ್ತಲೇ ನನ್ನ ಪರದೆಯ ಒಂದು, ಸೊನ್ನೆಯಾಯಿತು. ಪಕ್ಕದಲ್ಲೇ, ಬಂದ ಅರ್ಜಿಗಳ ಲೆಕ್ಕಕ್ಕೆ ಹೊಸದೊಂದು ಸೇರಿತು.

"ಸರ್, ಅವರದು ಆಯ್ತು. ಕಳಿಸಿದ್ರು," ಎಂದೆ.

ಬಿರುಗಾಳಿ ತಲೆಯೆತ್ತಲಿಲ್ಲ. ಕಣ್ಣು ಉತ್ತರ ಬರೆಯುವ ಆ ಖಾಲಿ ಚೌಕದ ಮೇಲೇ ಇತ್ತು.

"ಸ್ವಲ್ಪ ಇರಿ," ಎಂದರು, "ನಂದು ಇನ್ನೂ ಆಗಿಲ್ಲ."