ಇಳಿದದ್ದನ್ನು ಏರಿಸುವವನು

"ಮತ್ತೆ ಸುರಿದ್ರಾ ಆ ಹಾಳು ಪುಡೀನ?" ಹೊಲಿಗೆ ಅಂಗಡಿಯಿಂದ ಬಂದ ಹೆಂಡತಿ ಚಪ್ಪಲಿ ಕಳಚುವ ಮೊದಲೇ ಕೂಗಿದಳು. ನಡುಮನೆಯ ಗಾಜಿನ ತೊಟ್ಟಿಯಲ್ಲಿ ಅವಳು ಮಗುವಿನಂತೆ ಸಾಕಿದ್ದ ಸಮುದ್ರದ ಹವಳಜೀವಿಗಳ ಮಾಂಸ ಲೋಳೆಲೋಳೆಯಾಗಿ ಕಳಚಿ ತೇಲುತ್ತಿತ್ತು. ಕೊಳೆತ ಮೊಟ್ಟೆಯಂಥ ನಾತ ಮನೆ ತುಂಬಿತ್ತು.

"ಬೆಳಿಗ್ಗೆ ನೀರಿನ ಪಿಎಚ್ ಇಳಿದಿತ್ತು ಕಣೇ, ಸೋಡಾ ಪುಡಿ ಹಾಕಿ ಏರಿಸಿದೆ," ಎಂದ ಗಂಡ, ಕೈಯಲ್ಲಿದ್ದ ಮೀಟರನ್ನು ಕೆಳಗಿಡದೆ. "ಸಂಜೆ ನೋಡಿದ್ರೆ ತಲೆಗೇರಿ ಕೂತಿತ್ತು. ವಿನಿಗರ್ ಹಾಕಿ ಇಳಿಸಿದೆ."

"ನಿಮ್ಮ ಬುದ್ಧಿಗೆ ಬೆಂಕಿ ಬೀಳ! ರಾತ್ರಿ ಅವು ಬಿಟ್ಟ ಉಸಿರು ನೀರಲ್ಲಿ ಸೇರಿ ಪಿಎಚ್ ಇಳಿಯುತ್ತೆ. ಹಗಲು ಬೆಳಕಿಗೆ ಹವಳದೊಳಗಿನ ಪಾಚಿ ಆ ಉಸಿರನ್ನ ತಿಂದುಬಿಡುತ್ತೆ, ತಾನಾಗೇ ಏರುತ್ತೆ. ಕಿಟಕಿ ತೆರೆದು ಹೊಸ ಗಾಳಿ ಬಿಡಿ ಸಾಕು ಅಂತ ಬಡ್ಕೊಂಡೆನಲ್ಲ! ಬೆಳಿಗ್ಗೆ ನನ್ನ ಮುಖಾನೂ ಇಳಿದಿರುತ್ತೆ, ನನಗೂ ಪುಡಿ ತಿನ್ನಿಸ್ತೀರಾ?"

"ಸತ್ತಿದ್ದು ಕಲ್ಲು ತಾನೇ? ಬೇರೆ ತಂದ್ರಾಯ್ತು."

ಆ ಮಾತು ನಾತಕ್ಕಿಂತ ಅಸಹ್ಯವಾಗಿತ್ತು. ತುದಿಯಲ್ಲಿ ಇನ್ನೂ ಬಣ್ಣ ಉಳಿದಿದ್ದ ಒಂದೇ ಒಂದು ಹವಳದ ತುಂಡನ್ನು ಮುರಿದು, ಹೊಸದಾಗಿ ಕಲಸಿಟ್ಟಿದ್ದ ಉಪ್ಪುನೀರಿನ ಬಕೆಟ್ಟಿಗೆ ಹಾಕಿಕೊಂಡಳು.

"ಎಲ್ಲಿಗೇ ಹೊರಟೆ?"

"ಅಕ್ಕನ ಮನೆಗೆ. ಅಲ್ಲಿ ಕಿಟಕಿ ತೆರೀತಾರೆ."

ಬಾಗಿಲನ್ನು ಹಾರುಹೊಡೆದು ಹೋದವಳು ಮತ್ತೆ ಆ ಹೊಸಿಲು ತುಳಿಯಲಿಲ್ಲ.